ಕೊಸರಿಗೆ ಬಂದ ಪುಸ್ತಕ

ನನ್ನ ರೊಟ್ಟಿ ಯಾವತ್ತೂ ದುಂಡಗೆ ಬರಲಿಲ್ಲ. ಬಡಿಯಲು ಕೂತರೆ ಒಂದು ಕಡೆ ನಾಲಿಗೆ ಚಾಚುತ್ತಿತ್ತು, ಇನ್ನೊಂದು ಕಡೆ ಹರಿಯುತ್ತಿತ್ತು, ಎತ್ತಿ ಹಂಚಿಗೆ ಹಾಕುವಷ್ಟರಲ್ಲಿ ತುಂಡು ತುಂಡು. ಶಹಾಪುರದಲ್ಲಿ ನಮ್ಮ ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ, ಮನೆಯ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಖಡಕ್ ರೊಟ್ಟಿ ಮಾಡಿ ಮಾರುವ ಕೆಲಸ ಶುರು ಮಾಡಿದಾಗ ಮೊದಲ ದಿನವೇ ನನ್ನ ಕೈಯಿಂದ ಹಿಟ್ಟು ಕಸಿದುಕೊಂಡರು.

"ನೀ ಏಳವಾ ತಾಯಿ. ನಿನ್ನ ರೊಟ್ಟಿ ನೋಡಿದ್ರ ಗಿರಾಕಿ ಓಡಿ ಹೋಗ್ತಾರ. ರೊಟ್ಟಿ ಎಣಿಸಿ ಪ್ಯಾಕ್ ಮಾಡು. ಅದೂ ಬ್ಯಾಸರಾತಂದ್ರ ಕುಂತು ಏನರ ಓದಿ ಹೇಳು. ಬಿ.ಎ. ಓದೀದಿ, ಅದರ ಉಪಯೋಗ ಆಗ್ಲಿ."

ವೈನಿ ಕುಚೋದ್ಯಕ್ಕೆ ಅಂದದ್ದನ್ನು ನಾನು ನೌಕರಿ ಅಂತಲೇ ತಿಳಿದುಕೊಂಡೆ. ಮರುದಿನ ಒಂದು ದಪ್ಪ ಪುಸ್ತಕ ಹಿಡಿದುಕೊಂಡು ಬಂದು ಹಿಟ್ಟಿನ ಚೀಲದ ಮೇಲೆ ಕೂತೆ.

ಶೆಡ್ಡಿನಲ್ಲಿ ಮೂರು ಒಲೆ. ಒಂದು ವೈನಿಯದು. ಇನ್ನೊಂದು ಮುದನಾಳದಿಂದ ಮದುವೆಯಾಗಿ ನಮ್ಮ ಓಣಿಗೆ ಬಂದ ಹುಡುಗಿಯದು. ನಡುವಿನದು ನಮ್ಮ ದೊಡ್ಡವ್ವನದು. ದೊಡ್ಡವ್ವ ಅಂದರೆ ನಮ್ಮ ಅವ್ವನ ಅಕ್ಕ, ಸುರಪುರದಲ್ಲಿ ನನ್ನನ್ನು ಬೆಳೆಸಿದಾಕೆ, ಈಗ ನಮ್ಮ ಜೊತೆ ಶಹಾಪುರದಲ್ಲೇ ಇರುವಾಕೆ. ನನ್ನ ಬಾಯಲ್ಲಿರುವ ಮಾತೆಲ್ಲ ಆಕೆಯ ಬಾಯಿಂದ ಬಂದದ್ದು. ಬೈಗುಳ ಸೇರಿಸಿ.

ನಾನು ಓದುತ್ತಿದ್ದದ್ದು ಒಂದೇ ಜಾತಿಯ ಪುಸ್ತಕಗಳು: ಎಲ್ಲೂ ಇಲ್ಲದ ರಾಜ್ಯ, ರೆಕ್ಕೆ ಇರುವ ಬೆಂಕಿ ಸರ್ಪ, ಮಾತಾಡುವ ಕತ್ತಿ, ನಾಲ್ಕೈದು ಭಾಗಕ್ಕೂ ಮುಗಿಯದ ಯುದ್ಧ. ಫ್ಯಾಂಟಸಿ ಅಂತಾರಲ್ಲ, ಅವು. ಕಣ್ಣು ಇಂಗ್ಲಿಷಿನ ಮೇಲೆ ಓಡುತ್ತಿತ್ತು, ಬಾಯಿ ಸುರಪುರದ ಕನ್ನಡದಲ್ಲಿ ಹೇಳುತ್ತಿತ್ತು. ಅವುಗಳಲ್ಲಿನ ಹೆಸರುಗಳು ಯಾರ ನಾಲಿಗೆಗೂ ಹೊರಳುತ್ತಿರಲಿಲ್ಲವಾದ್ದರಿಂದ ದೊಡ್ಡವ್ವ ಎಲ್ಲರಿಗೂ ಹೊಸದಾಗಿ ನಾಮಕರಣ ಮಾಡಿದ್ದಳು. ಕೆಂಪು ಗಡ್ಡದಂವ, ಗುಡ್ಡದ ರಾಣಿ, ಉಪ್ಪು ತಿನ್ನದ ಮಂತ್ರಿ. ಮುಂಜಾನೆ ಒಲೆ ಹೊತ್ತಿಸುವಾಗಲೇ ಕೇಳುತ್ತಿದ್ದಳು, "ಏ ಹುಡುಗಿ, ಕೆಂಪು ಗಡ್ಡದಂವ ನಿನ್ನೆ ಬಾವಿಯಾಗ ಬಿದ್ದಿದ್ದನಲ್ಲ, ಮ್ಯಾಲ ಬಂದಾನೇನು?"

ಹಾಗೆ ಐದು ಭಾಗದ ಒಂದು ಮಾಲಿಕೆ ಮುಗಿಸಿದೆವು. ಮುಗಿದ ದಿನವೇ ನಮ್ಮ ಗ್ರಹಚಾರ ಕೆಟ್ಟಿತು. ಕೊನೆಯ ಪುಟದಲ್ಲಿ ಕೆಂಪು ಗಡ್ಡದಂವ ಎಚ್ಚರಾಗಿ ಕಣ್ಣು ಉಜ್ಜಿಕೊಂಡು ಕೂತ. ನಡೆದದ್ದೆಲ್ಲ ಕನಸು.

ದೊಡ್ಡವ್ವನ ಕೈ ಗಾಳಿಯಲ್ಲೇ ನಿಂತಿತು. "ಏನಂದಿ? ಇಷ್ಟು ದಿನ ಅಂವ ಮಕ್ಕೊಂಡಿದ್ದನಾ?"

"ಹೌದಬೇ ದೊಡ್ಡವ್ವ. ಹಂಗಂತ ಬರದಾನ."

"ನಾವಿಲ್ಲಿ ಒಲಿ ಮುಂದ ಕುಂತು ಬೆಂದೇವಿ, ಅಂವ ಆರಾಮ ಮಕ್ಕೊಂಡಿದ್ದನಾ? ಗುಡ್ಡದ ರಾಣಿ ಸತ್ತಳಂತ ನಾ ಒಂದು ಹೊತ್ತು ಊಟ ಬಿಟ್ಟಿದ್ದೆ! ಆ ಊಟ ಯಾರು ಕೊಡ್ತಾರೀಗ?"

ಅಂದಿನಿಂದ ದೊಡ್ಡವ್ವನಿಗೆ ಪುಸ್ತಕ ಅಂದರೆ ಮುನಿಸು. ಇದೇ ಸಮಯ ನೋಡಿ ವೈನಿ ತಮ್ಮ ಮನಸ್ಸಿನಲ್ಲಿದ್ದದ್ದನ್ನು ಹೊರಗೆ ಹಾಕಿದರು. ಶೆಡ್ಡಿನ ಗೋಡೆಗೆ ಒಂದು ಟೀವಿ ಹಾಕಿಸೋಣ, ಧಾರಾವಾಹಿ ನೋಡುತ್ತ ರೊಟ್ಟಿ ಬಡಿಯೋಣ, ಕೆಲಸವೂ ಜಲ್ದಿ ಆಗುತ್ತದೆ.

"ಮತ್ತ ನಾನ್ರಿ?" ಅಂದೆ.

"ನೀ ಒಲಿ ಮುಂದ ಕುಂದ್ರು. ಕಲ್ತರ ಬರಂಗಿಲ್ಲೇನು?"

ಒಲೆಯ ಮುಂದೆ ಕೂಡುವ ಹೆದರಿಕೆ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ಸಣ್ಣವಳಿದ್ದಾಗ ನನಗೆ ತುತ್ತಿನ ಜೊತೆ ಕತಿ ತಿನ್ನಿಸಿದಾಕೆ ದೊಡ್ಡವ್ವ. ಈಗ ನಾನು ಹೇಳುತ್ತಿದ್ದೆ, ಆಕೆ ಕೇಳುತ್ತಿದ್ದಳು. ಟೀವಿ ಬಂದರೆ ನಾವಿಬ್ಬರೂ ಅದರ ಕಡೆ ಮುಖ ಮಾಡಿ ಕೂಡುತ್ತೇವೆ, ಅಷ್ಟೇ. ಆ ಬೆಳಗಿನ ಹೊತ್ತು ನನ್ನ ಕೈಬಿಟ್ಟು ಹೋಗುವುದು ನನಗೆ ಬೇಕಿರಲಿಲ್ಲ.

"ಮುಂದಿನ ಪುಸ್ತಕ ಚಲೋದು ಆರಿಸಿ ತರ್ತೀನ್ರಿ ವೈನಿ. ಒಂದು ಅವಕಾಶ ಕೊಡ್ರಿ."

"ಚಲೋದೋ ಕೆಟ್ಟದ್ದೋ ಹ್ಯಾಂಗ ತಿಳೀಬೇಕು?"

"ದೊಡ್ಡವ್ವ ಹೂಂ ಅಂದ್ರ ಆತಲ್ರಿ."

ವೈನಿ ಬಿದ್ದು ಬಿದ್ದು ನಕ್ಕರು. ನಗುವುದಕ್ಕೆ ಕಾರಣವಿತ್ತು. ನಮ್ಮ ಕಡೆ ಕತಿ ಕೇಳುವವರು ಹೂಂ ಅನ್ನುತ್ತಿರಬೇಕು. ಸುರಪುರದ ಮನೆಯಲ್ಲಿ ನನ್ನ ಹೂಂ ತಪ್ಪಿದರೆ ದೊಡ್ಡವ್ವ ಅಲ್ಲಿಗೇ ಕತಿ ನಿಲ್ಲಿಸಿ, "ನಾ ಏನು ಗ್ವಾಡಿಗಿ ಹೇಳಾಕತ್ತೇನೇನು?" ಅನ್ನುತ್ತಿದ್ದಳು. ಆದರೆ ಆಕೆಯ ಸ್ವಂತ ಹೂಂಗೆ ಈಗ ಲಗಾಮು ಇಲ್ಲ. ಮೊಬೈಲಿನಲ್ಲಿ "ನೀವು ಕರೆ ಮಾಡಿದ ಚಂದಾದಾರರು ಕಾರ್ಯನಿರತರಾಗಿದ್ದಾರೆ" ಅಂತ ಯಂತ್ರ ಹೇಳಿದರೂ ಮರ್ಯಾದೆಗೆ ಹೂಂ ಅನ್ನುತ್ತಾಳೆ.

"ಹೂಂ ನಡೆಯಂಗಿಲ್ಲ," ಅಂದರು ವೈನಿ. "ಯಾವ ಪುಸ್ತಕ ಓದಿದ್ರ ದೊಡ್ಡವ್ವನ ರೊಟ್ಟಿ ಹಂಚಿನ ಮ್ಯಾಲ ಸುಡ್ತದೋ, ಅದು ಪುಸ್ತಕ. ಮೂರು ತಗೊಂಡು ಬಾ. ಸುಡಲಿಲ್ಲಂದ್ರ ಟೀವಿ."

ಇದು ಆಗದ ಮಾತು ಅಂತ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ದೊಡ್ಡವ್ವ ಮದುವೆಯಾಗಿ ಬಂದಾಗಿನಿಂದ ರೊಟ್ಟಿ ಸುಟ್ಟಾಕೆಯಲ್ಲ. ಮಗಳು ಹುಟ್ಟುವ ನೋವು ಶುರುವಾದಾಗಲೂ ಹಂಚಿನ ಮೇಲಿದ್ದ ರೊಟ್ಟಿಯನ್ನು ತಿರುವಿ ಹಾಕಿ, ಬೇಯಿಸಿ, ತೆಗೆದಿಟ್ಟೇ ಎದ್ದಳಂತೆ. ಇದನ್ನು ಆಕೆಯೇ ಹೇಳಿದ್ದು, ಆದ್ದರಿಂದ ನಂಬಲೇಬೇಕು.

"ಸುಡಲಿ ನೋಡೂಣು," ಅಂದಳು ದೊಡ್ಡವ್ವ, ಕೈಗೆ ಅಂಟಿದ ಹಿಟ್ಟು ತಿಕ್ಕುತ್ತ.

ನಾನು ಪುಸ್ತಕ ಹುಡುಕಲು ಹೊರಟೆ. ಸುರಪುರದ ಗ್ರಂಥಾಲಯದಲ್ಲಿ ಏಳು ಭಾಗದ ಒಂದು ಮಾಲಿಕೆ ಇತ್ತು. ಯಾರೂ ಮುಟ್ಟದೆ ಬೆನ್ನು ಹೊಸದಾಗಿಯೇ ಉಳಿದಿತ್ತು. ಮೊದಲ ಭಾಗ ತೆಗೆದುಕೊಂಡೆ. ಎರಡನೆಯ ಪುಸ್ತಕ ಹುಡುಕಿಕೊಂಡು ಯಾದಗಿರಿಗೆ ಬಸ್ಸು ಹತ್ತಿದೆ. ಸ್ಟೇಷನ್ನಿನ ಹತ್ತಿರ ಹಳೆ ಪುಸ್ತಕ ಮಾರುವವನೊಬ್ಬನ ಬಳಿ, ಮುಖಪುಟದ ತುಂಬ ಕತ್ತಿ ರಕ್ತ ಇದ್ದ ಒಂದು ಸಿಕ್ಕಿತು. ಮೂರನೆಯದು ನಾನು ಕಾಲೇಜಿನಲ್ಲಿದ್ದಾಗಿನಿಂದ ಆಸೆಪಟ್ಟಿದ್ದ ಪುಸ್ತಕ. ಅದನ್ನು ಮೊಬೈಲಿನಲ್ಲಿ ತರಿಸಲು ಹಾಕಿದ್ದೆ. ನನ್ನ ಭರವಸೆಯೆಲ್ಲ ಅದರ ಮೇಲೆಯೇ.

ಯಾದಗಿರಿಯ ಅಂಗಡಿಯವನಿಗೆ ದುಡ್ಡು ಕೊಟ್ಟು, ಬಾಯಿ ರೂಢಿಗೆ ಬಿದ್ದು, "ಕೊಸರು ಹಾಕ್ರಿ," ಅಂದುಬಿಟ್ಟೆ.

ಅವನು ಕಣ್ಣು ಅಗಲಿಸಿದ. "ಇದು ಬದ್ನಿಕಾಯಿ ಅಂಗಡಿ ಏನ್ರಿ ಅಕ್ಕಾ?"

ಸಂತೆಯಲ್ಲಿ ತೂಕದ ಮೇಲೆ ಕೈಗೆ ಸಿಕ್ಕಷ್ಟು ಹಾಕಿಸಿಕೊಳ್ಳದೆ ಎದ್ದು ಬಂದವಳಲ್ಲ ನಾನು. "ಬದ್ನಿಕಾಯಿ ಅಲ್ಲದಿದ್ರ ಏನಾತ್ರಿ, ಯಾಪಾರ ಯಾಪಾರನ ಅಲ್ರಿ?"

ಅವನು ನಗುತ್ತ ಮೂಲೆಯ ರಾಶಿಗೆ ಕೈ ಹಾಕಿ, ಮುಖಪುಟ ಹರಿದುಹೋದ ಒಂದು ತೆಳ್ಳನೆಯ ಪುಸ್ತಕ ಎಳೆದು ನನ್ನ ಚೀಲಕ್ಕೆ ಎಸೆದ. ಬಸ್ಸಿನಲ್ಲಿ ತೆರೆದು ನೋಡಿದೆ. ನಡುನಡುವೆ ಚಿತ್ರಗಳಿದ್ದವು. ಸಣ್ಣ ಹುಡುಗರದ್ದು ಅಂತ ಮಡಚಿಟ್ಟೆ.

ಮೊದಲ ಮುಂಜಾನೆ ಸುರಪುರದ ಪುಸ್ತಕ. ತೆರೆದರೆ ಮೊದಲು ನಕಾಶೆ, ಆಮೇಲೆ ವಂಶಾವಳಿ. ಸಾವಿರಾರು ವರ್ಷದ ಹಿಂದೆ ಆಳಿದ ರಾಜ, ಅವನ ಮಗ, ಮೊಮ್ಮಗ. ದೊಡ್ಡವ್ವ ಹೂಂ, ಹೂಂ ಅನ್ನುತ್ತ ತಾಳ ಹಾಕಿದ ಹಾಗೆ ರೊಟ್ಟಿ ಬಡಿಯುತ್ತಿದ್ದಳು.

"ಅಕ್ಕಾರ, ಈ ರಾಜ ಇದ್ದಾನೇನ್ರಿ ಸತ್ತಾನೇನ್ರಿ?" ಅಂತ ಮುದನಾಳದ ಹುಡುಗಿ ಕೇಳಿದಳು.

"ಅಂವ ಸತ್ತು ಸಾವಿರ ವರ್ಷ ಆತು."

"ಮತ್ತ ಅಂವನ ಸುದ್ದಿ ನಮಗ್ಯಾಕ್ರಿ?"

"ಹೇಳ್ಲಿ ಬಿಡ," ಅಂದಳು ದೊಡ್ಡವ್ವ. "ಕನ್ಯಾ ನೋಡಾಕ ಬಂದೋರೂ ಮೊದಲ ಮನಿತನ ಹೇಳ್ತಾರ. ವರ ಯಾವಾಗ ಬರ್ತಾನೋ ಬರ್ಲಿ."

ವರ ಬರಲೇ ಇಲ್ಲ. ಆ ದಿನದ ರೊಟ್ಟಿ ಹುಣ್ಣಿಮೆಯ ಚಂದ್ರನ ಹಾಗಿದ್ದವು. ಒಂದಕ್ಕೂ ಕಲೆ ಇಲ್ಲ.

ಎರಡನೆಯ ಮುಂಜಾನೆ ಕತ್ತಿಯ ಪುಸ್ತಕ. ಇದರಲ್ಲಿ ಮೊದಲ ಸಾಲಿಗೇ ತಲೆ ಉರುಳುತ್ತಿತ್ತು. ನಾನೂ ಬಿಡಲಿಲ್ಲ. ಎದ್ದು ನಿಂತು, ರೊಟ್ಟಿ ತಿರುವುವ ಪಟ್ಟಿಯನ್ನೇ ಕತ್ತಿ ಮಾಡಿ ಬೀಸಿದೆ, ಸೇನಾಪತಿಯ ದನಿ ಬೇರೆ ತೆಗೆದೆ. ಮುದನಾಳದ ಹುಡುಗಿ ಬಾಯಿ ತೆರೆದು ಕೂತಿದ್ದಳು, ಆಕೆಯ ರೊಟ್ಟಿಯ ಅಂಚು ಕರ್ರಗಾಗಿತ್ತು. ಆದರೆ ಆಕೆಯದು ಲೆಕ್ಕಕ್ಕಿಲ್ಲವಲ್ಲ.

"ಇವ್ರು ಮುಂಜಾನಿಂದ ಬಡಿದಾಡಾಕತ್ತಾರ," ಅಂದಳು ದೊಡ್ಡವ್ವ, ತನ್ನ ರೊಟ್ಟಿಗೆ ಒದ್ದೆ ಅರಿವಿಯಿಂದ ನೀರು ಸವರುತ್ತ. "ಏನರ ತಿಂದಾರೇನು?"

"ಪುಸ್ತಕದಾಗ ಬರದಿಲ್ಲಬೇ."

"ಉಪವಾಸ ಇದ್ದೋರ ಕೈ ಇಷ್ಟು ಜೋರು ಓಡ್ತದೇನು? ಸುಳ್ಳ ಬರದಾನ."

ಅವತ್ತು ಮಧ್ಯಾಹ್ನ ಮಿಸ್ತ್ರಿ ಬಂದು, ಮೂರೂ ಒಲೆಗೆ ಎದುರಾಗಿ ಗೋಡೆಗೆ ಟೀವಿಯ ಮೊಳೆ ಹೊಡೆದು ಹೋದ. ವೈನಿ ಆ ಮೊಳೆಯನ್ನು ಜಗ್ಗಿ ನೋಡಿ, "ಪಕ್ಕಾ ಅದ," ಅಂದರು. ನನ್ನ ಎದೆಗೇ ಹೊಡೆದ ಹಾಗಾಯಿತು.

ಮೂರನೆಯ ಮುಂಜಾನೆಗೆ ನನ್ನ ಆಸೆಯ ಪುಸ್ತಕ ಬರಬೇಕಿತ್ತು. ಬರಲಿಲ್ಲ. ಪಾರ್ಸಲ್ ತರುವವನಿಗೆ ಫೋನು ಮಾಡಿದರೆ, "ಅದು ಬ್ಯಾರೆ ಊರಿಗಿ ಹೋಗ್ಯಾದ ಮೇಡಂ, ತಿರುಗಿ ಬರ್ತದ," ಅಂತ ಆರಾಮಾಗಿ ಹೇಳಿದ. ನಾನು ಬರಿಗೈಯಲ್ಲಿ ಶೆಡ್ಡಿಗೆ ಹೋದೆ. ವೈನಿ ನನ್ನ ಕೈ ನೋಡಿದರು, ಆಮೇಲೆ ಒಂದು ಮಣೆ ತಂದು ನಾಲ್ಕನೆಯ ಒಲೆ ಎಲ್ಲಿ ಹೂಡಬೇಕು ಅಂತ ನೆಲದ ಮೇಲೆ ಇಟ್ಟು ನೋಡತೊಡಗಿದರು.

"ಆ ಹರಕ ಪುಸ್ತಕ ಅದಲ್ರಿ ಅಕ್ಕಾರ," ಅಂದಳು ಮುದನಾಳದ ಹುಡುಗಿ. "ಕೊಸರಿಗಿ ಬಂತಂತ ಹೇಳಿದ್ರಲ್ಲ, ಅದು."

"ಅದು ಸಣ್ಣ ಹುಡುಗರದು."

"ಇರ್ಲಿ ತಗೀರಿ. ನಾವೇನು ದೊಡ್ಡ ದೊಡ್ಡ ಪದವಿ ಮಾಡೀವೇನ್ರಿ?"

ಮೊನ್ನೆಯಿಂದ ಶೆಡ್ಡಿನ ಮೂಲೆಯಲ್ಲೇ ಬಿದ್ದಿದ್ದ ಚೀಲದ ತಳದಿಂದ ತೆಗೆದೆ. ಓದುವ ಉಮೇದು ಇರಲಿಲ್ಲ. ದನಿ ಏರಿಸಲಿಲ್ಲ, ಕೈ ಬೀಸಲಿಲ್ಲ. ಸುಮ್ಮನೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತ ಹೋದೆ.

ಒಂದು ಊರು. ಒಂದು ದಿನ ಮುಂಜಾನೆ ಆ ಊರಿನಲ್ಲಿ ಯಾರ ಮನೆಯ ಒಲೆಯೂ ಹೊತ್ತಲಿಲ್ಲ.

"ಹೂಂ," ಅಂದಳು ದೊಡ್ಡವ್ವ.

ಕಟ್ಟಿಗೆ ಒಣಗಿಯೇ ಇತ್ತು. ಕಲ್ಲಿಗೆ ಕಲ್ಲು ಬಡಿದರೆ ಕಿಡಿಯಿಲ್ಲ. ಅರಮನೆಯ ಅಡುಗೆಮನೆಯಲ್ಲೂ ಹೊಗೆಯಿಲ್ಲ. ರಾಜ ಡಂಗುರ ಸಾರಿಸಿದ, ಬೆಂಕಿ ತಂದವರಿಗೆ ಅರ್ಧ ರಾಜ್ಯ. ಪೈಲ್ವಾನರು ಹೋದರು, ಮಾಟಗಾರರು ಹೋದರು, ಯಾರೂ ತಿರುಗಿ ಬರಲಿಲ್ಲ. ಆಗ ಒಬ್ಬ ಮುದುಕಿ ಒಡಕು ಮಡಿಕೆಯೊಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಗುಡ್ಡದ ಕಡೆ ಹೊರಟಳು. ಗುಡ್ಡದ ಹೊಟ್ಟೆಯಲ್ಲಿ ಬೆಂಕಿ ಸರ್ಪ ಮಲಗಿತ್ತು. ಎಷ್ಟು ದೊಡ್ಡದೆಂದರೆ, ಮಲಗಿದರೆ ಅದೇ ಒಂದು ಗುಡ್ಡ.

"ನಮ್ಮ ಶಹಾಪುರದ ಗುಡ್ಡದಂಗ," ಅಂದಳು ಮುದನಾಳದ ಹುಡುಗಿ. ಶೆಡ್ಡಿನ ಬಾಗಿಲಿಂದ, ಬುದ್ಧ ಮಲಗಿದ ಹಾಗೆ ಕಾಣುವ ಆ ಗುಡ್ಡ ಎಲ್ಲರಿಗೂ ಕಾಣುತ್ತಿತ್ತು.

ಮುದುಕಿ ಅದಕ್ಕೆ ಕೈ ಮುಗಿಯಲಿಲ್ಲ, ಕತ್ತಿ ತೋರಿಸಲಿಲ್ಲ. ಹೊಸ್ತಿಲಲ್ಲಿ ನಿಂತು, ನೆರೆಮನೆಗೆ ಹೋದವಳ ಹಾಗೆ ಕರೆದಳು. "ಎದ್ದೀರೇನ್ರಿ? ಒಂದೀಟು ಕೆಂಡ ಕೊಡ್ತೀರೇನು, ನಮ್ಮ ಮನಿ ಒಲಿ ಆರ್ಯಾದ."

ಈ ಸಲ ಹೂಂ ಬರಲಿಲ್ಲ. ನಾನು ತಲೆ ಎತ್ತಿ ನೋಡುವ ಧೈರ್ಯ ಮಾಡದೆ ಮುಂದೆ ಓದಿದೆ.

ಸರ್ಪ ಒಂದು ಕಣ್ಣು ತೆರೆಯಿತು. ಇಷ್ಟು ವರ್ಷದಲ್ಲಿ ಅದರ ಹತ್ತಿರ ಬಂದವರೆಲ್ಲ ಬೆಂಕಿ ಕದಿಯಲು ಬಂದವರು, ಕೇಳಿದವರು ಯಾರೂ ಇರಲಿಲ್ಲ. ಅದು ಕೇಳಿತು, "ಕೊಡ್ತೀನಿ. ಆದ್ರ ಒಂದು ಮಾತು ಖರೆ ಹೇಳು. ನಿನ್ನ ಮನ್ಯಾಗ ಇವತ್ತು ಏನು ಅಡಗಿ?" ಮುದುಕಿಯ ಮನೆಯಲ್ಲಿ ಅವತ್ತು ಅಡುಗೆಗೆ ಏನೂ ಇರಲಿಲ್ಲ. ಆಕೆ ಖಾಲಿ ಮಡಿಕೆಯನ್ನು ನೋಡಿದಳು, ಬಾಯಿ ತೆರೆದಳು...

ನನ್ನ ಗಂಟಲು ಒಣಗಿತ್ತು. ನೀರಿನ ತಂಬಿಗೆ ಎತ್ತಿಕೊಂಡೆ. ಆಗ ಮೂಗಿಗೆ ವಾಸನೆ ಬಂತು.

ನಡುವಿನ ಒಲೆಯಲ್ಲಿ ತೊಗರಿಕಟ್ಟಿಗೆ ಭರ್ ಅಂತ ಉರಿಯುತ್ತಿತ್ತು. ಹಂಚಿನ ಮೇಲಿನ ರೊಟ್ಟಿಯಿಂದ ಕರಿ ಹೊಗೆ ಏಳುತ್ತಿತ್ತು. ಅದರ ಹಿಂದೆ ದೊಡ್ಡವ್ವ, ಎರಡೂ ಕೈ ತೊಡೆಯ ಮೇಲೆ ಬಿಟ್ಟು, ನನ್ನ ಬಾಯನ್ನೇ ನೋಡುತ್ತ ಕೂತಿದ್ದಳು.

"ಆಯೀ! ರೊಟ್ಟಿ!" ಅಂತ ಮುದನಾಳದ ಹುಡುಗಿ ಕಿರುಚಿದಳು.

ದೊಡ್ಡವ್ವ ಬೆಚ್ಚಿ ಹಂಚಿನ ಕಡೆ ನೋಡಿದಳು. ಆ ಕರ್ರಗಿನ ರೊಟ್ಟಿ ಯಾರ ಮನೆಯದೋ ಅನ್ನುವ ಹಾಗೆ ಒಂದು ಗಳಿಗೆ ದಿಟ್ಟಿಸಿ, ಬೆರಳ ತುದಿಯಲ್ಲಿ ಎತ್ತಿ ಹಿಂದೆ ಸರಿಸಿಬಿಟ್ಟಳು. "ಒಲಿ ಜೋರಾಗ್ಯಾದ. ಯಾರು ಇಷ್ಟು ಕಟ್ಟಿಗಿ ಹಾಕಿದೋರು?"

"ನೀನ ಹಾಕೀದಿಬೇ!" ಅಂದೆ. ನಾನು ಎದ್ದು ಕುಣಿಯುತ್ತಿದ್ದೆ ಅಂತ ವೈನಿ ಈಗಲೂ ಹೇಳುತ್ತಾರೆ. ಇರಬಹುದು. ಹಿಟ್ಟಿನ ಚೀಲ ಮಗುಚಿ ಬಿದ್ದದ್ದಂತೂ ನಿಜ. ವೈನಿ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು, ಕಣ್ಣಲ್ಲಿ ನೀರು ಬರುವಷ್ಟು. ಅವರ ಹಂಚಿನ ಮೇಲಿನದೂ ಸೀದಿತ್ತು, ಅದನ್ನು ಅವರು ಆಮೇಲೆ ನೋಡಿಕೊಂಡರು.

"ನಗೋದು ಸಾಕು ಮಾಡ್ರಿ," ಅಂತ ಗದರಿದಳು ದೊಡ್ಡವ್ವ. "ಏ ಹುಡುಗಿ, ಕುಂದ್ರು. ಆ ಮುದುಕಿ ಏನಂದಳು?"

"ನಾಳಿ ಹೇಳ್ತೀನಿಬೇ. ಇವತ್ತಿಂದು ಮುಗೀತು." ಗೆದ್ದವರಿಗೆ ಅಷ್ಟು ಸೊಕ್ಕು ಇರಬೇಕಲ್ಲ.

"ನಾಳಿ ಅಂದಿ ಅಂದ್ರ ನಿನ್ನ ಕೈಯಾಗ ಹಿಟ್ಟು ಕೊಡ್ತೀನಿ ನೋಡು!" ಆಮೇಲೆ ದನಿ ಇಳಿಸಿ ಅಂದಳು, "ನಾ ಹೊಸದಾಗಿ ಮದಿವ್ಯಾಗಿ ಬಂದಾಗ ಮುಂಜಾನಿ ಸಗಣಿ ಕುಳ್ಳು ಹಿಡ್ಕೊಂಡು ಮಗ್ಗಲ ಮನಿಗಿ ಕೆಂಡ ಇಸಕೊಳ್ಳಾಕ ಹೋಗ್ತಿದ್ದೆ. ಆ ಮನಿ ಮುದುಕಿನೂ ಹಿಂಗ ಕೇಳ್ತಿದ್ದಳು, ಏನು ಅಡಗಿ ಅಂತ. ಖಾಲಿ ಇದ್ದ ದಿನ ಏನು ಹೇಳಬೇಕಂತ ದಾರಿ ತುಂಬ ವಿಚಾರ ಮಾಡ್ತಿದ್ದೆ. ಈಕಿ ಏನು ಹೇಳಿದಳು, ಓದು."

ಓದಿದೆ. ಆ ಮುಂಜಾನೆ ರೊಟ್ಟಿ ತೀರ ಕಮ್ಮಿಯಾದವು. ಗಿರಾಕಿ ಫೋನು ಮಾಡಿದಾಗ ವೈನಿಯೇ, "ಒಲಿ ಹೊತ್ತಿಲ್ರೀ ಇವತ್ತು, ಇಡೀ ಊರಾಗ ಹೊತ್ತಿಲ್ಲ," ಅಂದರು. ಮುದನಾಳದ ಹುಡುಗಿ ಒಳಪುಟದಲ್ಲಿದ್ದ ಹೆಸರನ್ನು ಮೊಬೈಲಿನಲ್ಲಿ ಹುಡುಕಿ, ಈ ಕತಿಗೆ ಇನ್ನೂ ಎಂಟು ಭಾಗ ಅವ ಅಂತ ಸುದ್ದಿ ತಂದಳು. ದೊಡ್ಡವ್ವ, "ಕಡಿಗಿ ಮುದುಕಿ ಮಕ್ಕೊಂಡಿದ್ದಳು ಅಂತ ಬಂದ್ರ ಮಾತ್ರ ನಾ ಸುಮ್ಮನ ಇರಂಗಿಲ್ಲ," ಅಂತ ಕರಾರು ಹಾಕಿದಳು.

ವೈನಿ ತರಿಸಿದ ಟೀವಿ ಒಳಗಿನ ಪಡಸಾಲೆಗೆ ಹೋಯಿತು. ಅದಕ್ಕೆಂದು ಹೊಡೆಸಿದ ಮೊಳೆ ಖಾಲಿ ಉಳಿದಿತ್ತು. ಸುಟ್ಟ ರೊಟ್ಟಿಗೆ ತೂತು ಮಾಡಿ, ದಾರ ಪೋಣಿಸಿ, ಅದನ್ನು ಆ ಮೊಳೆಗೆ ನೇತು ಹಾಕಿದವಳು ನಾನೇ. ಕಪ್ಪಗಿದ್ದರೂ ಎಷ್ಟು ದುಂಡಗಿತ್ತು!

ರೊಟ್ಟಿ ಒಯ್ಯಲು ಬರುವವರು ಈಗಲೂ ಅದನ್ನು ನೋಡಿ ಕೇಳುತ್ತಾರೆ, ದೃಷ್ಟಿಗೆ ಕಟ್ಟೀರೇನ್ರಿ ಅಂತ. ನಾವು ಮೂವರೂ ದೊಡ್ಡವ್ವನ ಕಡೆ ನೋಡುತ್ತೇವೆ. ಆಕೆ ಹಿಟ್ಟಿನಿಂದ ಕಣ್ಣು ಎತ್ತುವುದಿಲ್ಲ.

"ಅದಾ? ಅವತ್ತು ಒಲಿ ಜೋರಾಗಿತ್ತು," ಅನ್ನುತ್ತಾಳೆ. ಆಮೇಲೆ ನನಗೆ, "ಏನು ನೋಡ್ತಿ? ಓದು."