ಗಿಟುಕನ ಮೀನೆಣ್ಣೆ

ಮೊನ್ನೆ ಮೊಣಕಾಲು ನೋವಿಗೆ ಮಾತ್ರೆ ತರಲು ತಿಪಟೂರಿನ ಔಷಧಿ ಅಂಗಡಿಗೆ ಹೋಗಿದ್ದೆ. ಪಕ್ಕದಲ್ಲಿ ನಿಂತಿದ್ದ ಹುಡುಗಿಯೊಬ್ಬಳು ತನ್ನ ನಾಯಿಗೆ ಒಮೆಗಾ ಎಣ್ಣೆ ಬೇಕೆಂದು ಕೇಳಿದಳು. ಅಂಗಡಿಯವನು ಚಂದದ ಸೀಸೆಯೊಂದನ್ನು ತೆಗೆದುಕೊಟ್ಟ. ಅದರ ಮೇಲೆ ಒಂದು ಮೀನು, ಒಂದು ನಾಯಿ. "ಇದು ಮೀನೆಣ್ಣೆ ಅಲ್ವೇನಪ್ಪ?" ಅಂದೆ. "ಅದೇ ಕಣಜ್ಜಿ, ಈಗ ಹೆಸ್ರು ಬ್ಯಾರೆ" ಅಂದ. ಅಲ್ಲೇ ನಗು ಬಂತು. ಬಸ್ಸಿನಲ್ಲಿ ಕೂತ ಮೇಲೆ ಪರಮಶಿವಯ್ಯನವರ ನೆನಪಾಗಿ ಕಣ್ಣೂ ತುಂಬಿತು.

ನಾನು ಹುಳಿಯಾರು ಕಡೆಯವಳು. ಬೋರನಕಣಿವೆ ಜಲಾಶಯದ ಮೀನು ತಿಂದು ಬೆಳೆದ ಬೋರಮ್ಮ. ಎಪ್ಪತ್ತಾರನೇ ಇಸವಿಯಲ್ಲಿ ಹಾಲ್ಕುರಿಕೆಯ ಹನುಮಂತಯ್ಯನವರ ಮನೆಗೆ ಸೊಸೆಯಾಗಿ ಬಂದೆ. ನಮ್ಮ ಮನೆಗೂ ಪರಮಶಿವಯ್ಯನವರ ಮನೆಗೂ ನಡುವೆ ಒಂದು ಗಾಡಿ ಹೋಗುವಷ್ಟು ಓಣಿ. ನಮ್ಮ ಅಡಿಗೆಮನೆಗೆ ಎದುರಾಗಿ ಅವರ ಪಡಸಾಲೆಯ ಕಿಟಕಿ. ನಾನು ಬಂದ ಹೊಸತರಲ್ಲಿ ನಮ್ಮಣ್ಣ ಕಣಿವೆಯ ಮೀನು ತಂದುಕೊಟ್ಟಿದ್ದ. ಸಾರು ಕುದಿ ಬಂದಿತ್ತಷ್ಟೇ, ಆ ಕಿಟಕಿ ದಡ್ ಎಂದು ಮುಚ್ಚಿಕೊಂಡಿತು. ನಾನು ಬೆಚ್ಚಿಬಿದ್ದೆ.

"ಹೆದರ್ಕಬ್ಯಾಡ ಕಣೇ, ಪರಮಶಿವಯ್ಯನೋರು. ನಾವು ಉಂಡು ಕೈ ತೊಳ್ಕಂಡ್ಮೇಲೆ ತಗೀತಾರೆ" ಅಂದರು ನಮ್ಮತ್ತೆ ಅಂಕಮ್ಮ.

ಹಾಗೇ ಆಯಿತು. ಆಮೇಲೂ ಪ್ರತಿ ಸಲ ಹಾಗೇ. ಬೈಗುಳವಿಲ್ಲ, ಜಗಳವಿಲ್ಲ, ಬರೀ ಕಿಟಕಿ. ಬೈದಿದ್ದರೇ ವಾಸಿಯಿತ್ತು ಅನ್ನಿಸುತ್ತಿತ್ತು ನನಗೆ. ಬೈದರೆ ತಿರುಗಿ ಬೈಯಬಹುದು, ಕಿಟಕಿಗೆ ಏನು ಹೇಳುವುದು?

ಆಗ ಪರಮಶಿವಯ್ಯನವರಿಗೆ ಅರವತ್ತರ ಹತ್ತಿರ. ಬೆಳಗ್ಗೆ ಸ್ನಾನ, ಹಣೆ ತುಂಬ ವಿಭೂತಿ, ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆ. ಅದಾಗದೆ ಬಾಯಿಗೆ ನೀರು ಹಾಕಿದವರಲ್ಲ. ತೋಟದ ತೆಂಗಿನಕಾಯಿಯನ್ನು ಹಸಿಯಾಗಿ ಮಾರಿದವರೂ ಅಲ್ಲ. ಅಟ್ಟಕ್ಕೆ ಏರಿಸಿ, ಒಳಗಿನ ತಿರುಳು ಒಣಗಿ ಕೊಬ್ಬರಿಯಾಗಿ ಚಿಪ್ಪಿನಿಂದ ತಾನೇ ಬಿಟ್ಟುಕೊಳ್ಳುವವರೆಗೆ ಹೆಚ್ಚುಕಮ್ಮಿ ಒಂದು ವರ್ಷ ಕಾಯುತ್ತಿದ್ದರು. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, "ಇದಿನ್ನೂ ಮಾತಾಡ್ತಿಲ್ಲ, ಇರ್ಲಿ" ಎಂದು ಪಕ್ಕಕ್ಕಿಡುವರು. ಅವರಿಗೆ ಎಲ್ಲದರಲ್ಲೂ ಅಷ್ಟೇ ನಿಧಾನ, ಅಷ್ಟೇ ಹಟ.

ಅವರ ನಾಯಿಯ ಹೆಸರು ಗಿಟುಕ. ಮರಿಯಾಗಿದ್ದಾಗ ಕಂದು ಬಣ್ಣಕ್ಕೆ ದುಂಡಗೆ ಕೊಬ್ಬರಿ ಗಿಟುಕಿನ ಹಾಗೇ ಇತ್ತಂತೆ, ಅದಕ್ಕೆ ಆ ಹೆಸರು. ಹಗಲೆಲ್ಲ ಅವರ ಹಿಂದೆ ತೋಟ ಸುತ್ತುವುದು, ಕೊಬ್ಬರಿ ಕೆತ್ತುವ ದಿನ ಅವರ ತೊಡೆಗೆ ಒರಗಿ ಕೂತು ಚೂರು ತಿನ್ನುವುದು, ಅದರ ಕೆಲಸ. "ಯಾರ ಹತ್ರಾನೂ ಇಷ್ಟು ಮಾತಾಡಲ್ಲ, ನಾಯಿ ಹತ್ರ ಸಂಸಾರದ ಗುಟ್ಟೆಲ್ಲ ಹೇಳ್ತಾರೆ" ಎಂದು ಅವರ ಹೆಂಡತಿ ಗಿರಿಜಾಂಬಿಕಾ, ನಮಗೆಲ್ಲ ಗಿರಿಜಮ್ಮ, ದೂರುತ್ತಿದ್ದರು.

ಎಪ್ಪತ್ತೆಂಟರ ಬೇಸಿಗೆಯಲ್ಲಿ ಗಿಟುಕನಿಗೆ ಮೈ ತುರಿಕೆ ಹತ್ತಿತು. ಬೆನ್ನಿನ ಕೂದಲು ಉದುರಿ ಚರ್ಮ ಹೊಟ್ಟೆದ್ದಿತು. ನಮ್ಮ ಸೀಮೆಯಲ್ಲಿ ಕೂಸು ಹುಟ್ಟಿದರೂ ಕೊಬ್ಬರಿ ಎಣ್ಣೆ, ಮುದುಕ ಜಾರಿಬಿದ್ದರೂ ಕೊಬ್ಬರಿ ಎಣ್ಣೆ. ಪರಮಶಿವಯ್ಯನವರೂ ಅದನ್ನೇ ಮಾಡಿದರು. ಹೊರಗೆ ಮೈಗೆಲ್ಲ ಎಣ್ಣೆ ನೀವಿದರು, ಒಳಕ್ಕೆ ಮುದ್ದೆಯ ಜೊತೆ ಕೊಬ್ಬರಿ ತುರಿ ಇಕ್ಕಿದರು. ಎಣ್ಣೆಗೆ ತೋಟದ ಧೂಳೆಲ್ಲ ಮೆತ್ತಿಕೊಂಡು ಹುಣ್ಣಾಯಿತು, ಕೊಬ್ಬರಿಗೆ ಹೊಟ್ಟೆ ಕೆಟ್ಟಿತು. ಅವರು ಇನ್ನೂ ಜಾಸ್ತಿ ಎಣ್ಣೆ ಹಚ್ಚಿದರು. ಚಿಪ್ಪು ಕೆತ್ತಲು ಬರುತ್ತಿದ್ದ ಹೆಂಗಸರು ನಾಯಿ ಮಲಗುವ ಜಗಲಿಯಲ್ಲಿ ಕೂರುವುದಿಲ್ಲವೆಂದು ಎದ್ದುಹೋದರು.

"ಗಾಡಿಗೆ ಹಾಕ್ಕಂಡು ದೂರ ಎಲ್ಲಾದ್ರೂ ಬುಟ್ಟು ಬನ್ನಿ" ಎಂದು ಗಿರಿಜಮ್ಮ ಹೇಳಿದ್ದು ಓಣಿ ದಾಟಿ ನಮಗೂ ಕೇಳಿಸಿತು.

ಪರಮಶಿವಯ್ಯನವರು ಮತ್ತೆ ಎಣ್ಣೆ ಬಟ್ಟಲು ಹಿಡಿದು ನಾಯಿಯ ಪಕ್ಕ ಕೂತರು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಊರು ಆಡಿಕೊಂಡಿತು. ಕೊನೆಗೆ ನಮ್ಮ ಮಾವನವರೇ ಗಾಡಿ ಕಟ್ಟಿ, ಅವರನ್ನೂ ನಾಯಿಯನ್ನೂ ತಿಪಟೂರಿನ ದನದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ನಡೆದದ್ದನ್ನು ಮಾವನವರು ಸಾಯುವವರೆಗೂ ಹೇಳಿಕೊಂಡು ನಗುತ್ತಿದ್ದರು.

ಡಾಕ್ಟರು ನಾಯಿಯ ಮೈ ಮುಟ್ಟಿ ಬೆರಳು ಮೂಸಿ ನೋಡಿದರಂತೆ. "ಏನ್ರೀ ಇದು, ಒಗ್ಗರಣೆ ಹಾಕೋಕೆ ತಯಾರು ಮಾಡಿದ್ದೀರಾ? ಮೊದ್ಲು ಈ ಎಣ್ಣೆ ನಿಲ್ಸಿ" ಎಂದು ಮೈ ತೊಳೆಯಲು ಒಂದು ಪುಡಿ ಕೊಟ್ಟು, ಚರ್ಮ ಒಳಗಿಂದ ಸುಧಾರಿಸಲು ದಿನಾ ಒಂದು ಚಮಚ ಮೀನೆಣ್ಣೆ ಕುಡಿಸಬೇಕು ಎಂದರಂತೆ.

ಪರಮಶಿವಯ್ಯನವರು, "ಬ್ಯಾರೆ ಎಣ್ಣೆ ಆಗಲ್ವೇ ಸ್ವಾಮಿ? ಎಳ್ಳೆಣ್ಣೆ, ಹುಚ್ಚೆಳ್ಳೆಣ್ಣೆ?" ಎಂದು ಕೇಳಿದರಂತೆ. "ನಾಯಿ ಉಳೀಬೇಕೋ ಬೇಡ್ವೋ?" ಎಂದರಂತೆ ಡಾಕ್ಟರು. ಬರುವಾಗ ಸೀಸೆಗೆ ಗೋಣಿತಾಟು ಸುತ್ತಿ, ಗಾಡಿಯೊಳಗೆ ಇಡದೆ, ಹಿಂದುಗಡೆ ಹಗ್ಗದಲ್ಲಿ ನೇತುಹಾಕಿಸಿದರಂತೆ.

ಸೀಸೆಯೇನೋ ಊರಿಗೆ ಬಂತು. ಆದರೆ ಇಡುವುದೆಲ್ಲಿ? ಲಿಂಗಪೂಜೆಯ ಮನೆಯೊಳಗೆ ತರುವ ಮಾತೇ ಇಲ್ಲ. ಜೊತೆಗೆ ಕೊಬ್ಬರಿ ಸುತ್ತಲಿನ ವಾಸನೆಯನ್ನು ಹೀರಿಕೊಳ್ಳುತ್ತದೆಂದು ಗಿರಿಜಮ್ಮನಿಗೆ ಭಯ. ಅಟ್ಟದ ತುಂಬ ಕಾಯಿ. ಆ ಸಂಜೆ ಪರಮಶಿವಯ್ಯನವರು ಸೀಸೆಯನ್ನು ಹಗ್ಗದ ತುದಿಯಲ್ಲಿ ಹಿಡಿದುಕೊಂಡು ಓಣಿ ದಾಟಿ ನಮ್ಮ ಅಂಗಳದಲ್ಲಿ ನಿಂತರು. ಅಷ್ಟು ವರ್ಷದಲ್ಲಿ ಅವರು ನಮ್ಮ ಅಂಗಳಕ್ಕೆ ಬಂದದ್ದು ಅದೇ ಮೊದಲು ಎಂದು ಅತ್ತೆ ಆಮೇಲೆ ಹೇಳಿದರು.

"ಹನುಮಂತಯ್ಯನ ಸೊಸೆ, ನಿಮ್ಮನೇಲಿ ಇದನ್ನ ಇಟ್ಕಂಡು ದಿನಾ ಅವನಿಗೊಂದು ಚಮಚ ಹಾಕ್ತೀಯೇನವ್ವ?"

ನನ್ನ ಬಾಯಿ ಸುಮ್ಮನಿರಬೇಕಲ್ಲ. "ಹಾಕ್ತೀನಿ ಯಜಮಾನ್ರೇ. ವಾಸ್ನೆ ಬಂದ್ರೆ ಕಿಟಕಿ ಮುಚ್ಕಬೇಕಾಯ್ತದೆ" ಅಂದೆ. ಅತ್ತೆ ಹಿಂದಿನಿಂದ ಸೊಂಟ ಚಿವುಟಿದರು.

"ಮುಚ್ಕಂತೀನಿ ಕಣವ್ವ" ಅಂದರು ಅವರು. "ಅವನು ಬದುಕ್ಲಿ."

ಆ ದನಿ ಕೇಳಿ ನನಗೆ ನಾಚಿಕೆಯಾಯಿತು. ಸೀಸೆ ತೆಗೆದುಕೊಂಡು ಅಡಿಗೆಮನೆಯ ಗೂಡಿನಲ್ಲಿಟ್ಟೆ.

ಗಿಟುಕ ಆ ಎಣ್ಣೆಗೆ ಬಾಯಿಬಿಟ್ಟ ರೀತಿ ನೋಡಬೇಕಿತ್ತು. ಜನ್ಮವಿಡೀ ಮುದ್ದೆ, ಮಜ್ಜಿಗೆ, ಕೊಬ್ಬರಿ ತಿಂದ ಶಿವಭಕ್ತ ನಾಯಿ ಚಮಚ ನೆಕ್ಕಿದ್ದಲ್ಲದೆ ನನ್ನ ಕೈಯನ್ನೂ ನೆಕ್ಕಿತು. ದೀಪಾವಳಿಯ ಹೊತ್ತಿಗೆ ತುರಿಕೆ ನಿಂತು ಬೆನ್ನ ಮೇಲೆ ಮೆತ್ತನೆ ಕೂದಲು ಬಂತು. ಜೊತೆಗೆ ಇನ್ನೊಂದೂ ಆಯಿತು. ಮಧ್ಯಾಹ್ನವಾದರೆ ಸಾಕು, ನಾಯಿ ಬಂದು ನಮ್ಮ ಹೊಸಿಲ ಹತ್ತಿರ ಮಲಗಲು ಶುರುಮಾಡಿತು. ಓಣಿಯ ಆ ಕಡೆಯಿಂದ ಪರಮಶಿವಯ್ಯನವರು "ಗಿಟುಕಾ" ಎಂದು ಕರೆದರೆ ಬಾಲ ಅಲ್ಲಾಡಿಸುವುದು, ಏಳುತ್ತಿರಲಿಲ್ಲ. ಸುಳ್ಳೇಕೆ ಹೇಳಲಿ, ನನಗೆ ಒಳಗೊಳಗೇ ಖುಷಿ. ಕಿಟಕಿಗೆ ತಕ್ಕ ಉತ್ತರ ಸಿಕ್ಕಿತು ಅಂದುಕೊಂಡೆ. ಒಂದು ಸಂಜೆ ಕಸ ಚೆಲ್ಲಲು ಹೊರಬಂದಾಗ ಅವರು ಓಣಿಯಲ್ಲಿ ನಿಂತಿದ್ದರು. ಅಂಗೈಯಲ್ಲಿ ಕೊಬ್ಬರಿ ಚೂರು. ನಾಯಿ ನಮ್ಮ ಮೆಟ್ಟಿಲ ಮೇಲಿಂದ ಅವರನ್ನು ನೋಡುತ್ತಿತ್ತು. ಅವರು ಚೂರನ್ನು ತಮ್ಮ ಬಾಯಿಗೇ ಹಾಕಿಕೊಂಡು ಒಳಗೆ ಹೋದರು.

ಅಷ್ಟರಲ್ಲಿ ನನಗೆ ಏಳು ತಿಂಗಳು ತುಂಬಿ, ಹೆರಿಗೆಗೆ ತವರಿಗೆ ಹೊರಡುವ ದಿನ ಬಂತು. ಅತ್ತೆಗೆ ನಾಯಿಯ ಬಾಯೆಂದರೆ ಹೆದರಿಕೆ. ಮಾವನವರೂ ನನ್ನ ಗಂಡನೂ ಹೊತ್ತು ಮುಳುಗುವವರೆಗೆ ತೋಟ ಬಿಟ್ಟು ಬರುವವರಲ್ಲ. ಎಣ್ಣೆ ಹಾಕುವವರು ಯಾರು ಎಂದು ನಾನು ಯೋಚಿಸುತ್ತಿರುವಾಗಲೇ ಪರಮಶಿವಯ್ಯನವರು ಬಂದರು.

"ಸೀಸೆ ಕೊಡವ್ವ. ಚಮಚಾನೂ ಕೊಡು."

"ನೀವು ಹಾಕ್ತೀರಾ ಯಜಮಾನ್ರೇ?"

"ಅವನು ನಮ್ಮನೆಯೋನು. ಅವನ ಔಷಧಿ ಇನ್ನೊಬ್ರ ಮನೇಲಿ ಇಟ್ಟಿದ್ದೇ ತಪ್ಪು ಕಣವ್ವ."

ಐದು ತಿಂಗಳ ನಂತರ ಕೂಸು ಎತ್ತಿಕೊಂಡು ವಾಪಸು ಬಂದಾಗ ಅವರದೇ ಒಂದು ಪದ್ಧತಿ ನಡೆಯುತ್ತಿತ್ತು. ಸೀಸೆ ಅವರ ಕೊಟ್ಟಿಗೆಯ ಸೂರಿನಲ್ಲಿ ನೇತಾಡುತ್ತಿತ್ತು. ಸಂಜೆ ದನ ಕಟ್ಟಿದ ಮೇಲೆ ಅಲ್ಲಿಯೇ ಕೂತು ಗಿಟುಕನಿಗೆ ಚಮಚ ಹಿಡಿಯುವುದು, ಅದು ನೆಕ್ಕಿ ಮುಗಿಸುವವರೆಗೆ ಏನೇನೋ ಮಾತಾಡುವುದು, ಆಮೇಲೆ ಹುಣಸೆಹಣ್ಣು, ಸೀಗೆಪುಡಿ ಹಾಕಿ ಕೈ ತಿಕ್ಕುವುದು, ತಲೆಮೇಲೆ ನೀರು ಸುರಿದುಕೊಳ್ಳುವುದು, ವಿಭೂತಿ ಧರಿಸಿ ಸಂಜೆಯ ಪೂಜೆಗೆ ಕೂರುವುದು. ಮಾಗಿಯ ಚಳಿಯಲ್ಲೂ ತಪ್ಪಿಸಲಿಲ್ಲ. "ನಾಯಿಗೆ ಒಂದು ಚಮಚ ಎಣ್ಣೆ, ಇವ್ರಿಗೆ ಒಂದು ಹಂಡೆ ನೀರು, ಸೌದೆ ಒಟ್ಟೋಳು ನಾನು" ಎಂದು ಗಿರಿಜಮ್ಮ ಗೊಣಗುತ್ತಲೇ ನೀರು ಕಾಯಿಸಿಡುವರು. ನಾನು ಮತ್ತೆ ಹಾಕುತ್ತೇನೆ ಅಂದದ್ದಕ್ಕೆ, "ನಿಂಗೆ ಮಗೀನ ಕೆಲ್ಸವೇ ಸಾಕು ಬುಡವ್ವ" ಅಂದುಬಿಟ್ಟರು. ಗಿಟುಕ ನಮ್ಮ ಹೊಸಿಲು ಬಿಟ್ಟು ಅವರ ತೊಡೆಗೇ ವಾಪಸಾಗಿತ್ತು.

ಕೈಯಲ್ಲೇ ಮೀನೆಣ್ಣೆ ಹಿಡಿದರೂ ಕಿಟಕಿ ಮುಚ್ಚುವುದನ್ನು ಮಾತ್ರ ಬಿಡಲಿಲ್ಲ, ಪುಣ್ಯಾತ್ಮ. ಔಷಧಿ ಬೇರೆ, ಸಾರು ಬೇರೆ. ನಾವು ಒಲೆಯ ಮೇಲೆ ಮೀನಿಟ್ಟರೆ ಅತ್ತ ದಡ್ ಎನ್ನುವುದು. ನನ್ನ ಮಗ ಆ ಸದ್ದು ಕೇಳಿದರೆ ಇವತ್ತು ಮೀನು ಎಂದು ತಟ್ಟೆ ತರುವಷ್ಟು ದೊಡ್ಡವನಾದ.

ಎಂಬತ್ನಾಲ್ಕರಲ್ಲಿ ಗಿಟುಕ ಹೋಯಿತು. ಕಾಯಿಲೆಯಲ್ಲ, ವಯಸ್ಸು. ತೋಟದ ಬಾವಿಯ ಪಕ್ಕ ಮಣ್ಣು ಮಾಡಿದರು. ಪರಮಶಿವಯ್ಯನವರು ಅತ್ತದ್ದನ್ನು ಯಾರೂ ನೋಡಲಿಲ್ಲ. ಆದರೆ ಸಂಜೆ ಕೊಟ್ಟಿಗೆಯಲ್ಲಿ ಅವರ ಮಾತು ಕೇಳಿಸದಾಯಿತು. ಆ ಹೊತ್ತಿಗೆ ಪಡಸಾಲೆಯಲ್ಲಿ ಸುಮ್ಮನೆ ಕೂತಿರುತ್ತಿದ್ದರು. ಮನೆಯವರ ಹತ್ತಿರವೂ ಒಂದೆರಡು ಮಾತು, ಅಷ್ಟೇ.

ತಿಂಗಳಾಗಿತ್ತೇನೋ, ನಮ್ಮಣ್ಣ ಮತ್ತೆ ಕಣಿವೆಯ ಮೀನು ತಂದ. "ಪಾಪ, ಅವ್ರು ನೊಂದವ್ರೆ. ಇವತ್ತು ಬ್ಯಾಡ ಕಣೇ" ಅಂದರು ಅತ್ತೆ. ತಂದ ಮೀನನ್ನು ಏನು ಮಾಡುವುದು ಎಂದು ನಾನು ಒಲೆಗಿಟ್ಟೆ. ಸಾರು ಕುದಿಯಿತು. ಕಿವಿ ಕಿಟಕಿಯ ಕಡೆಗೇ ಇತ್ತು. ಸದ್ದು ಬರಲಿಲ್ಲ. ಮನೆಯಲ್ಲಿ ಯಾರೂ ಇಲ್ಲವೇನೋ ಎಂದು ಓಣಿಗೆ ಬಂದು ನೋಡಿದರೆ, ಪರಮಶಿವಯ್ಯನವರು ಆ ಕಿಟಕಿಯ ಪಕ್ಕದಲ್ಲೇ ಕೂತಿದ್ದರು. ಕೈ ತೊಡೆಯ ಮೇಲಿತ್ತು, ಗಿಟುಕ ತಲೆಯಿಡುತ್ತಿದ್ದ ಜಾಗದಲ್ಲಿ.

"ಯಜಮಾನ್ರೇ, ಮೀನು ಮಾಡ್ತಾ ಇದೀವಿ. ಕಿಟಕಿ…" ಅಂದೆ.

"ಗೊತ್ತಾಯ್ತು ಕಣವ್ವ" ಅಂದರು. "ತಗ್ದಿರ್ಲಿ ಬುಡು. ಈ ವಾಸ್ನೆಗೆ ಅವನು ಪಕ್ಕದಾಗೆ ಬಂದು ಕೂತಂಗಾಯ್ತದೆ."

ನಾನು ಒಳಗೆ ಬಂದೆ. ಸಾರು ಆಗಲೇ ಹದಕ್ಕೆ ಬಂದಿತ್ತು. ಇಳಿಸಲಿಲ್ಲ. ಒಂದು ಸೌದೆ ಹಿಂದಕ್ಕೆಳೆದು ಉರಿ ಸಣ್ಣ ಮಾಡಿ, ಇನ್ನಷ್ಟು ಹೊತ್ತು ಕುದಿಯಲು ಬಿಟ್ಟೆ.