ಗುಜರಾತಿನಿಂದ ಬಂದ ಕಹಿ ಬೇರು

ಅರ್ಧ ಕಿಲೋ ಹಸಿ ಚಿಕೋರಿ ಬೇರಿಗೆ ಮೊನ್ನೆ ಕೊಲ್ಲಾಪುರದಲ್ಲಿ ನೂರಾ ಎಂಬತ್ತು ರೂಪಾಯಿ ಕೊಟ್ಟೆ. ಚೌಕಾಸಿ ಮಾಡಲಿಲ್ಲ. ಗಡಹಿಂಗ್ಲಜ, ಇಚಲಕರಂಜಿಯ ಪೇಟೆಯಲ್ಲಿ ನನ್ನೊಡನೆ ವ್ಯವಹಾರ ಮಾಡಿದವರು ಇದನ್ನು ನಂಬಲಿಕ್ಕಿಲ್ಲ. ಒಂದು ಸಣ್ಣ ಮಸಾಲೆ ಗಿರಣಿಯಿಂದ ಶುರುಮಾಡಿ ಇಲ್ಲಿಯವರೆಗೆ ಬಂದವಳು ನಾನು; ಕೊತ್ತಂಬರಿ ಸಿವುಡನ್ನೂ ಬಿಚ್ಚಿ ನೋಡದೆ ಕೊಂಡವಳಲ್ಲ. ಆದರೆ ಮಾಲು ತಾಜಾ ಇದೆಯೆಂದು ತೋರಿಸಲು ಅಂಗಡಿಯವನು ಒಂದು ಬೇರನ್ನು ಪಟಕ್ಕನೆ ಮುರಿದ. ಮುರಿದಲ್ಲಿ ಬಿಳಿ ಹಾಲು ಜಿನುಗಿತು. ಹಸಿ ಮಣ್ಣು, ಜಜ್ಜಿದ ಸೊಪ್ಪು ಎರಡೂ ಬೆರೆತಂಥ ಕಹಿ ವಾಸನೆ ಮೂಗಿಗೆ ಬಂತು. ಅಷ್ಟಕ್ಕೇ ನಾನು ಗಡಹಿಂಗ್ಲಜದ ನಮ್ಮ ಹಳೆಯ ಅಡುಗೆಮನೆಯಲ್ಲಿ ಅಜ್ಜಿಯ, ನಮ್ಮ ಆಯಿಯ, ಸೆರಗು ಹಿಡಿದು ನಿಂತಿದ್ದೆ. ಅಂಥ ಹೊತ್ತಿನಲ್ಲಿ ದರ ಮಾತಾಡಲು ಬಾಯಿ ಬರುವುದಿಲ್ಲ.

ಅರವತ್ತರ ದಶಕದ ಆರಂಭದ ಮಾತು. ನಮ್ಮದು ಬೆಲ್ಲದ ವ್ಯಾಪಾರದ ಮನೆ. ಸುತ್ತಲಿನ ಗಾಣಗಳಿಂದ ಬಂದ ಪೆಂಟಿಗಳನ್ನು, ಅಂದರೆ ಬೆಲ್ಲದ ದೊಡ್ಡ ಅಚ್ಚುಗಳನ್ನು, ಪಡಸಾಲೆಯಲ್ಲಿ ಗೋಡೆಯುದ್ದಕ್ಕೂ ಪೇರಿಸಿಡುತ್ತಿದ್ದರು. ಬೇಸಿಗೆಯ ಮಧ್ಯಾಹ್ನ ಅವು ಬೆವರುತ್ತಿದ್ದವು. ನಮ್ಮ ಹಾಸಿಗೆ, ಪಾಟಿಚೀಲ, ತಲೆಗೂದಲು ಎಲ್ಲಕ್ಕೂ ಅದೇ ವಾಸನೆ. ನಮ್ಮ ತಂದೆಯ ತಾಯಿಯಾದ ಆಯಿಗೆ ಬೆಲ್ಲವೆಂದರೆ ಬರೀ ಮಾಲಲ್ಲ, ಔಷಧ. ಬಿಸಿಲಿನಿಂದ ಬಂದವರಿಗೆ ಬೆಲ್ಲ-ನೀರು, ಬಿದ್ದು ಅಳುವ ಮಕ್ಕಳಿಗೆ ಬೆಲ್ಲದ ಚೂರು, ಬಾಣಂತಿಯರಿಗೆ ಬೆಲ್ಲದ ಪಾಕ ಹಿಡಿದ ಅಂಟಿನುಂಡಿ. ಸಿಹಿ ಎಂದರೆ ಶಕ್ತಿ. ಅದರಾಚೆ ಅವಳಿಗೆ ವೈದ್ಯಶಾಸ್ತ್ರವೇ ಇರಲಿಲ್ಲ.

ಆ ವರ್ಷ ಚನ್ನವ್ವತ್ತಿ, ಅಂದರೆ ನಮ್ಮಪ್ಪನ ತಂಗಿ, ಹಲಕರ್ಣಿಯ ಗಂಡನ ಮನೆಯಲ್ಲಿ ವಿಷಮಜ್ವರ ಬಂದು ಮಲಗಿದವಳು, ಸುಧಾರಿಸಿಕೊಳ್ಳಲೆಂದು ತವರಿಗೆ ಬಂದಿದ್ದಳು. ಜ್ವರ ಬಿಟ್ಟಿತ್ತು, ಊಟ ಮಾತ್ರ ಹತ್ತಲೊಲ್ಲದು. ಕೈ ಎತ್ತಿದರೆ ಬಳೆಗಳು ಮೊಣಕೈತನಕ ಜಾರುತ್ತಿದ್ದವು. "ಔಷಧದ ಕೆಲಸ ಮುಗೀತ್ರಿ. ಇನ್ನ ಇವರು ಉಂಡ್ರ ಉಳೀತಾರ, ಉಣ್ಣದಿದ್ರ ನನ್ನ ಕೈಯಾಗ ಏನೂ ಇಲ್ಲ" ಎಂದು ಡಾಕ್ಟರರು ಹೇಳಿ ಹೋದದ್ದನ್ನು ಮನೆಯವರೆಲ್ಲ ಕೇಳಿದ್ದೆವು. ಅಂದಿನಿಂದ ಆಯಿ ಸಜ್ಜಕ, ಉಂಡಿ, ಬೆಲ್ಲದ ಹಾಲು ಹಿಡಿದು ಮಗಳ ಹಾಸಿಗೆ ಬಿಟ್ಟು ಏಳಲಿಲ್ಲ. ಅತ್ತಿ ಗೋಡೆಯ ಕಡೆ ಹೊರಳುತ್ತಿದ್ದಳು.

"ಎಲ್ಲಾ ಕಹಿ ಹತ್ತತೈತಿ ಯವ್ವಾ."

"ಬೆಲ್ಲ ಕಹಿ ಹತ್ತೂದು ಎಲ್ಲೆರ ಕೇಳೀಯೇನ? ಹಟಾ ಮಾಡಬ್ಯಾಡ, ನುಂಗು."

ಇದರ ನಡುವೆ ನಮ್ಮ ಶಿವಪ್ಪ ಕಾಕಾ ಬಂದ. ಅಪ್ಪನ ಕಿರಿಯ ತಮ್ಮ. ಬೆಲ್ಲದ ಲಾರಿಯೊಂದಿಗೆ ಗುಜರಾತಿಗೆ ಹೋಗಿ ಮಾಲು ಇಳಿಸಿಕೊಟ್ಟು ಬರುವುದು ಅವನ ಕೆಲಸ. ಆ ಸಲ ಒಂದು ಗೋಣಿಚೀಲ ತಂದು ಅಡುಗೆಮನೆಯಲ್ಲಿ ಸುರುವಿದ. ಆಯಿ ಒಂದು ಬೇರನ್ನು ಎತ್ತಿ ಹಿಂದೆಮುಂದೆ ನೋಡಿದಳು.

"ಬೆಲ್ಲ ಒಯ್ದು ಗಜ್ಜರಿ ತಂದಿ? ಅದೂ ಬಣ್ಣ ಹೋಗಿದ್ದು!"

"ಗಜ್ಜರಿ ಅಲ್ಲ ಬೇ, ಚಿಕೋರಿ. ಹುರದು ಕಾಫಿಪುಡಿಗೆ ಬೆರಸ್ತಾರ. ಹಸೀದು ತಿಂದ್ರ ಏಕದಮ್ ತಾಕತ್ತ ಬರ್ತೈತಿ ಅಂತ ಅಲ್ಲಿ ಸೇಟಜಿ ಹೇಳ್ಯಾರ. ಅಕ್ಕಗ ಕೊಡು."

ತಾಕತ್ತು ಎಂಬ ಮಾತು ಕಿವಿಗೆ ಬಿದ್ದದ್ದೇ ಆಯಿ ಈಳಿಗೆಯ ಮುಂದೆ ಕೂತಳು. ನಾಲಗೆಗೆ ಒಂದು ಚೂರು ಹಚ್ಚಿಕೊಂಡು ನೋಡಿದಳು, ಮುಖ ಕಿವುಚಿದಳು, ಹಾಗಲಕಾಯಿಗೆ ಮಾಡುವ ಉಪಚಾರವನ್ನೇ ಇದಕ್ಕೂ ಮಾಡಿದಳು: ತುರಿದು, ಉಪ್ಪು ಹಚ್ಚಿ, ಅರಿವೆಯಲ್ಲಿ ಕಟ್ಟಿ ಹಿಂಡಿ, ಮತ್ತೆ ನೀರಲ್ಲಿ ತೊಳೆದು ಮತ್ತೆ ಹಿಂಡಿದಳು. ಆ ನೀರೆಲ್ಲ ಹಿತ್ತಲ ಕರಿಬೇವಿನ ಬುಡಕ್ಕೆ. ಈಗ ನನಗೆ ಗೊತ್ತು, ಆ ಬೇರಿನಲ್ಲಿ ಬಹುಪಾಲು ನೀರೇ. ಮೈ ತುಂಬಿಸುವ ಪ್ರೋಟೀನು, ಕೊಬ್ಬು ಹೆಸರಿಗಷ್ಟೇ. ಇರುವ ದೊಡ್ಡ ಗುಣ ಒಂದೇ: ನಮ್ಮ ಜಠರ ಅರಗಿಸಲಾರದ ಒಂದು ಬಗೆಯ ನಾರು. ಅದು ದೊಡ್ಡ ಕರುಳಿನವರೆಗೆ ಇಳಿದು ಅಲ್ಲಿನ ಒಳ್ಳೆಯ ಸೂಕ್ಷ್ಮಜೀವಿಗಳಿಗೆ ಅನ್ನವಾಗುತ್ತದೆ, ಹೊಟ್ಟೆ ಸಾಫ್ ಇಡುತ್ತದೆ. ಆ ನಾರು ನೀರಿನಲ್ಲಿ ಕರಗುವಂಥದ್ದು. ಪೊಟ್ಯಾಶಿಯಮ್ಮಿನಂಥ ಲವಣಗಳೂ ಹಾಗೆಯೇ. ಅಂದರೆ ಆಯಿ ಸತ್ವದ ಒಳ್ಳೆಯ ಪಾಲನ್ನು ಕರಿಬೇವಿಗೆ ಉಣಿಸಿ, ಉಳಿದದ್ದನ್ನು ಮಗಳಿಗೆಂದು ಇಟ್ಟುಕೊಂಡಳು. ಅದಕ್ಕೆ ಶೇಂಗಾಪುಡಿ, ಒಗ್ಗರಣೆ, ಕೈತುಂಬ ಬೆಲ್ಲ ಹಾಕಿ ಪಚಡಿ ಮಾಡಿದಳು.

ನಮ್ಮ ಮನೆಯಲ್ಲಿ ಒಂದು ಪದ್ಧತಿಯಿತ್ತು. ಕಾಯಿಲೆಯವರಿಗೆಂದು ಹೊಸದೇನು ಮಾಡಿದರೂ ಮೊದಲು ಮನೆಮಂದಿಯೆಲ್ಲ ತಿನ್ನಬೇಕು. ಅವರಿಗೊಬ್ಬರಿಗೇ ಬೇರೆ ಮಾಡಿಕೊಟ್ಟರೆ ಕಾಯಿಲೆ ಅವರಲ್ಲೇ ಮನೆ ಮಾಡುತ್ತದೆಂದು ಆಯಿಯ ನಂಬಿಕೆ. ಹಾಗಾಗಿ ಅತ್ತಿಯ ಹಾಸಿಗೆಯ ಎದುರಿಗೇ ಸಾಲಾಗಿ ಕೂತೆವು. ಕಾಕಾ ದೊಡ್ಡಸ್ತಿಕೆಯಿಂದ ದೊಡ್ಡ ತುತ್ತು ಹಾಕಿಕೊಂಡ. ಎಷ್ಟು ಹಿಂಡಿದರೂ ಆ ಕಹಿ ಹೋಗಿರಲಿಲ್ಲ. ನಾಲಗೆಯ ಬುಡಕ್ಕೆ ಹೋಗಿ ಅಂಟಿಕೊಂಡಿತು. ಕಾಕಾ ಗಡಬಡಿಸಿ ಒಂದು ಬೆಲ್ಲದ ಚೂರು ಬಾಯಿಗೆ ಒಗೆದುಕೊಂಡ.

"ಇವ್ನೌನ, ಬೆಲ್ಲನೂ ಕಹಿ ಹತ್ತಾಕತ್ತೈತಲ್ಲ ಬೇ!"

ಆಯಿಯೂ ಒಂದು ಚೂರು ಬೆಲ್ಲ ಇಟ್ಟುಕೊಂಡಳು. ಬಾಯಲ್ಲಿ ಆಚೀಚೆ ಹೊರಳಿಸಿದಳು. ಆಗ ಹಾಸಿಗೆಯಿಂದ ಅತ್ತಿಯ ತೆಳ್ಳಗಿನ ದನಿ ಬಂತು.

"ಈಗ ತಿಳೀತ? ಜ್ವರಾ ಬಂದಾಗಿಂದ ನನ್ನ ಬಾಯಿ ದಿನಾ ಹಿಂಗ ಐತಿ."

ಆಯಿ ಬೋಗುಣಿಯನ್ನು ಬದಿಗೆ ಸರಿಸಿ, ಎದ್ದುಹೋಗಿ ಮಗಳ ತಲೆದಿಂಬಿನ ಹತ್ತಿರ ಕೂತಳು. "ಹಂಗಾರ ಏನ ಮಾಡಿಕೊಡ್ಲಿ ನನ್ನವ್ವಾ? ನೀನ ಹೇಳು." ಅಷ್ಟು ದಿನ ಆ ಮನೆಯಲ್ಲಿ ಯಾರೂ ಆಕೆಯನ್ನು ಇದನ್ನು ಕೇಳಿರಲಿಲ್ಲ.

"ಹುಳಿ ಮಜ್ಜಿಗಿ ಹಾಕಿ ಜ್ವಾಳದ ನುಚ್ಚು ಕೊಡು. ಬೆಲ್ಲ ಮಾತ್ರ ತರಬ್ಯಾಡ."

ಅವತ್ತು ಆಕೆ ಅರ್ಧ ಬಟ್ಟಲು ಉಂಡಳು. ಹೊತ್ತು ಇಳಿಯುವಷ್ಟರಲ್ಲಿ ಚಿಕೋರಿಯ ನಾರು ತನ್ನ ಕೆಲಸ ತೋರಿಸಿ ಕಾಕಾನ ಹೊಟ್ಟೆ ಗುಡುಗತೊಡಗಿತು. "ಶಿವ್ಯಾನ ಲಾರಿ ಚಾಲೂ ಆತು ನೋಡ್ರಿ, ಗುಜರಾತಕ್ಕ ಹೊಂಟೈತಿ" ಎಂದು ಅತ್ತಿ ನಕ್ಕಳು. ಆಯಿ ಒಲೆಯ ಕಡೆ ತಿರುಗಿ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ.

ನುಚ್ಚು, ಆಮೇಲೆ ಮೆತ್ತಗಿನ ರೊಟ್ಟಿ, ಆಮೇಲೆ ಬೇಳೆ. ಮಳೆ ಹಿಡಿಯುವ ಮುಂಚೆ ಅತ್ತಿ ತಾನೇ ನಡೆದು ಹೋಗಿ ಹಲಕರ್ಣಿಯ ಬಸ್ಸು ಹತ್ತಿದಳು. ಆಮೇಲೆ ಮಕ್ಕಳನ್ನು ಹೆತ್ತಳು, ಕಬ್ಬಿನ ಹೊಲ ನೋಡಿಕೊಂಡಳು, ಮುದುಕಿಯಾದಳು. ಮೊದಲು ಆಯಿ ಹೋದಳು, ಬಹಳ ವರ್ಷಗಳ ಮೇಲೆ ಕಾಕಾ, ಈಚೆಗೆ ಅತ್ತಿ. ಅಂದು ಸಾಲಾಗಿ ಕೂತವರಲ್ಲಿ ಈಗ ನಾನೊಬ್ಬಳೇ ಉಳಿದಿದ್ದೇನೆ. ಅಡುಗೆಮನೆಯಿದ್ದ ಜಾಗದಲ್ಲಿ ಯಾರೋ ಮೋಟರ್ ಸೈಕಲ್ಲು ನಿಲ್ಲಿಸುತ್ತಾರೆ. ಆ ದಾರಿಯಲ್ಲಿ ಹೋಗುವಾಗ ನಾನು ನಡಿಗೆ ನಿಧಾನ ಮಾಡುತ್ತೇನೆ, ಅಷ್ಟೇ.

ನಿಮಗೂ ಎಲ್ಲಾದರೂ ಹಸಿ ಚಿಕೋರಿ ಸಿಕ್ಕರೆ, ಬಾಗುವ ಬೇರು ಬಿಟ್ಟು ಮುರಿಯುವ ಬೇರು ಆರಿಸಿ. ಹಿಂಡಬೇಡಿ, ತೆಳ್ಳಗೆ ಹೆಚ್ಚಿ ಊಟದ ಜೊತೆ ಸ್ವಲ್ಪವೇ ತಿನ್ನಿ, ಹೆಚ್ಚಾದರೆ ವಾಯು. ಹೊಟ್ಟೆಗೆ ಒಳ್ಳೆಯದು, ಆದರೆ ಬಡವಾದ ಮೈಯನ್ನು ತುಂಬಿಸುವ ಕೆಲಸ ಅದರಿಂದ ಆಗದು. ಅದಕ್ಕೆ ಬೇಳೆ, ಹಾಲು, ಶೇಂಗಾ ಬೇಕು. ಮನೆಯಲ್ಲಿ ಕಾಯಿಲೆಯಿಂದೆದ್ದವರು ಉಣ್ಣಲೊಲ್ಲೆ ಎಂದರೆ ಹಟವೆನ್ನಬೇಡಿ. ಬಾಯಿ ಹೇಗಿದೆ ಎಂದು ಕೇಳಿ, ಏನು ಬೇಕೆಂದು ಕೇಳಿ. ಡಾಕ್ಟರು ಬೇಡವೆಂದಿರದಿದ್ದರೆ ಅವರು ಹೇಳಿದ್ದನ್ನೇ ಮಾಡಿಕೊಡಿ, ಅರ್ಧ ಬಟ್ಟಲಾದರೂ ಸರಿ.