ಮುಚ್ಚಳ ತೆರೆದಾಗ ಮಾತಾಡದ ಲ್ಯಾಪ್‌ಟಾಪ್

ಹೋದ ವರ್ಷ ಸುಗ್ಗಿಯ ಹೊತ್ತಿಗೆ ಗಂಗಾವತಿಯ ರೈಸ್ ಮಿಲ್ಲೊಂದರ ಕಂಪ್ಯೂಟರ್‌ಗಳು ನನ್ನ ಸುಪರ್ದಿಯಲ್ಲಿದ್ದವು. ನಾನು ಏಳನೆಯ ತರಗತಿಗೇ ಶಾಲೆ ಬಿಟ್ಟವನು. ಯಾರಿಂದಲೂ ಹೇಳಿಸಿಕೊಳ್ಳದೆ, ಕಂಪ್ಯೂಟರ್ ನಡೆಸುವ ಲಿನಕ್ಸ್ ವ್ಯವಸ್ಥೆಯನ್ನು ಕಲಿತೆನೆಂಬ ಹಮ್ಮು ನನಗಿತ್ತು, ಈಗಲೂ ಸ್ವಲ್ಪ ಇದೆ.

ಹತ್ತಿರದ ಮರಳಿ ಎಂಬ ಊರಿನ ಶಾಹೀನಾ ಅವರಿಗೆ ಕಣ್ಣು ಕಾಣುವುದಿಲ್ಲ. ಬಿಲ್ ಟೈಪ್ ಮಾಡುವ ಕೆಲಸಕ್ಕೆ ಮಿಲ್ಲಿನ ಸಾಹುಕಾರರು ಅವರನ್ನು ಒಂದು ದಿನ ಪರೀಕ್ಷೆಗೆ ಕರೆದಿದ್ದರು. ಪರದೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಾನೇ ಶುರುವಾಗಲೆಂದು ನಾನೊಂದು ಸ್ಕ್ರಿಪ್ಟ್, ಅಂದರೆ ಯಂತ್ರಕ್ಕೆ ಆದೇಶಗಳ ಪುಟ್ಟ ಪಟ್ಟಿ, ಬರೆದು ಲಾಗಿನ್ ಆದೊಡನೆ ಓಡುವಂತೆ ಇಟ್ಟೆ. ಬೆಳಗ್ಗೆ ಲ್ಯಾಪ್‌ಟಾಪ್ ಚೆನ್ನಾಗಿಯೇ ಮಾತಾಡಿತು.

"ಬಾಯಿ ಭಾಳ ಜೋರೈತ್ರಿ ಇದರದು, ನಮ್ಮತ್ತಿಗಿಂತ!" ಎಂದು ನಗುತ್ತಲೇ ಶಾಹೀನಾ ಕೈ ನಿಲ್ಲಿಸದೆ ಟೈಪ್ ಮಾಡಿದರು.

ಊಟಕ್ಕೆ ಏಳುವಾಗ ಅವರು ಮುಚ್ಚಳ ಮುಚ್ಚಿದರು. ಮಿಲ್ಲಿನಲ್ಲಿ ಎಲ್ಲರೂ ಹಾಗೇ ಮಾಡುವುದು, ಇಲ್ಲದಿದ್ದರೆ ತೌಡಿನ ಧೂಳು ಕೀಬೋರ್ಡಿಗೆ ಇಳಿಯುತ್ತದೆ. ಊಟ ಮುಗಿಸಿ ತೆರೆದರೆ ಸದ್ದೇ ಇಲ್ಲ. ಸಾಹುಕಾರರು ನನ್ನನ್ನು ಕರೆಸಿದರು.

"ಏನೂ ಕೇಳಸ್ವಲ್ದ್ರಿ ಅಣ್ಣಾರ," ಎಂದರು ಶಾಹೀನಾ.

ನಾನು ಒಂದು ಮಾತೂ ವಿಚಾರಿಸದೆ ರೀಸ್ಟಾರ್ಟ್ ಮಾಡಿದೆ. ಮಾತಾಡಿತು.

"ನೋಡ್ರಿ ಸಾವ್ಕಾರ್ರ, ನನ್ನ ಕೆಲಸ ಪಕ್ಕಾ ಐತಿ. ಅಕ್ಕಾರು ಯಾವುದೋ ಕೀ ಒತ್ಯಾರ."

"ನಾ ಒತ್ತಿಲ್ರಿ."

"ಹಂಗಾರ ದೆವ್ವ ಬಡದೈತೇನ್ರಿ ಇದಕ್ಕ?" ಎಂದೆ.

ಬಾಗಿಲಲ್ಲಿ ನಿಂತಿದ್ದ ಹಮಾಲರು ನಕ್ಕರು. ಆ ನಗು ಆಗ ನನಗೆ ಹಿತವಾಗಿತ್ತು. ಅದನ್ನು ನೆನೆದರೆ ಈಗ ತಲೆ ತಗ್ಗುತ್ತದೆ. "ಬ್ಯಾಡ ಬಿಡವಾ, ಇದು ನಿನಗ ಆಗಂಗಿಲ್ಲ," ಎಂದರು ಸಾಹುಕಾರರು. ಶಾಹೀನಾ ಕೋಲು ಹಿಡಿದು ಹೊರಟರು.

ಸಂಜೆ ಅದೇ ಲ್ಯಾಪ್‌ಟಾಪನ್ನು ನಾನು ಮುಚ್ಚಿ ತೆರೆದೆ. ಮೂಕವಾಗಿತ್ತು. ಮುಚ್ಚಳ ಹಾಕಿದರೆ ಯಂತ್ರ ನಿದ್ದೆಗೆ ಹೋಗುತ್ತದೆ, ಈ ಯಂತ್ರದಲ್ಲಿ ಆಗ ಸ್ಕ್ರೀನ್ ರೀಡರೂ ನಿಂತುಬಿಡುತ್ತಿತ್ತು. ಎದ್ದಾಗ ಹೊಸದಾಗಿ ಲಾಗಿನ್ ಆಗುವುದಿಲ್ಲ, ಹಾಗಾಗಿ ಲಾಗಿನ್‌ಗೆಂದು ಇಟ್ಟ ಸ್ಕ್ರಿಪ್ಟ್ ಓಡುವುದಿಲ್ಲ. ನಿದ್ದೆಯಿಂದ ಎದ್ದಾಗ ಓಡಬೇಕಾದದ್ದನ್ನು ಇಡಲು ಲಿನಕ್ಸಿನಲ್ಲಿ ಬೇರೆಯೇ ಫೋಲ್ಡರ್ ಇದೆ. ನಾನು ರೀಸ್ಟಾರ್ಟ್ ಮಾಡಿ ಮಾಡಿಯೇ ಪರೀಕ್ಷಿಸಿದ್ದೆ. ಮುಚ್ಚಿ ತೆರೆದು ನೋಡಿರಲೇ ಇಲ್ಲ.

ಸ್ಕ್ರಿಪ್ಟನ್ನು ಅಲ್ಲಿಗೂ ಹಾಕಿದೆ. ಮರುದಿನ ಸಾಹುಕಾರರ ಮುಂದೆ, ಅದೇ ಹಮಾಲರ ಮುಂದೆ, "ತಪ್ಪು ನಂದ್ರಿ" ಎಂದೆ. ಆಮೇಲೆ ಲ್ಯಾಪ್‌ಟಾಪ್ ಹಿಡಿದು ಶಾಹೀನಾ ಅವರ ಮನೆಗೆ ಹೋದೆ. ಅವರು ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದರು.

"ತಪ್ಪು ನಂದು ಅಕ್ಕಾರ. ಸಾವ್ಕಾರ್ರು ಮತ್ತ ಕರದಾರ."

ಅವರು ಮುಚ್ಚಳ ಮುಚ್ಚಿದರು, ತೆರೆದರು. ಮಾತಾಡಿತು. ಮತ್ತೊಮ್ಮೆ ಮುಚ್ಚಿ ತೆರೆದರು.

"ಇದನ್ನ ನಂಬ್ತೀನ್ರಿ," ಎಂದರು. "ನಿಮ್ಮನ್ನ ನೋಡೋಣು."

ಅವರೀಗ ಅಲ್ಲೇ ಕೆಲಸದಲ್ಲಿದ್ದಾರೆ. ಯಂತ್ರ ಕೆಟ್ಟಿತೆಂದು ಯಾರು ಕರೆದರೂ ನಾನು ಮುಟ್ಟುವ ಮೊದಲು, "ಏನ್ ಮಾಡಿದ ಮ್ಯಾಲೆ ಹಿಂಗಾತ್ರಿ?" ಎಂದು ಕೇಳುತ್ತೇನೆ. ಆ ದಿನ ಇಷ್ಟೇ ಕೇಳಿದ್ದರೆ ಸಾಕಿತ್ತು. "ಊಟಕ್ಕ ಏಳುವಾಗ ಮುಚ್ಚಿದ್ನಿರಿ" ಎಂದು ಅವರೇ ಹೇಳುತ್ತಿದ್ದರು.